ಒದ್ದೆ ಅಂಗಳ

“ನಿನ್ನೆ ಒರೆಸಿಟ್ಟ ಎಲೆ ಮೇಲೆ ಇವತ್ತು ಮತ್ತೆ ಹಿಟ್ಟು ಉದುರ್ಸಿದವ್ರು ಯಾರು?”

ದಮಯಂತಿ ಕೇಳಿದ್ದು ಯಾರನ್ನೂ ಅಲ್ಲ. ತುಳಸಿಕಟ್ಟೆಯ ಮುಂದೆ ಅವಳೊಬ್ಬಳೇ ನಿಂತಿದ್ದಳು. ಉತ್ತರವೂ ಗೊತ್ತಿದ್ದದ್ದೇ. ಮನೆಯ ಹಿಂದಿನ ಗುಡ್ಡದ ಆಚೆ ಮಗ್ಗುಲಲ್ಲಿ ಕಲ್ಲಿನ ಕ್ವಾರಿ ಇತ್ತು. ಅಲ್ಲಿ ಒಡೆದ ಬಂಡೆ ಜಲ್ಲಿಯಾಗಿ ಲಾರಿ ಹತ್ತಿ ಹೆದ್ದಾರಿಗೆ ಹೋಗುತ್ತಿತ್ತು. ಲಾರಿ ಹತ್ತದ ಬಿಳಿ ಪುಡಿ ಗಾಳಿ ಹತ್ತಿ ಈಚೆಗೆ ಬರುತ್ತಿತ್ತು. ಗೊತ್ತಿದ್ದೂ ದಿನಾ ಬೆಳಿಗ್ಗೆ ಕೇಳುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು, ದೇವರ ಮುಂದೆ ನಿಂತವರು ಬಾಯಿಪಾಠದ ಸ್ತೋತ್ರವನ್ನೇ ಮತ್ತೆ ಮತ್ತೆ ಹೇಳುವ ಹಾಗೆ. ಕೇಳಿ ಮುಗಿಸಿ, ಸೆರಗಿನ ತುದಿ ಒದ್ದೆ ಮಾಡಿಕೊಂಡು ಒಂದೊಂದೇ ಎಲೆ ಒರೆಸುತ್ತಿದ್ದಳು.

ಹಟ್ಟಿಕೇರಿಯಿಂದ ಒಳಗೆ, ಗುಡ್ಡದ ಬುಡಕ್ಕೆ ಅಂಟಿಕೊಂಡ ಕೇರಿಯಲ್ಲಿ ಅವರದೇ ಕೊನೆಯ ಮನೆ. ಗಂಡ ದೇವಿದಾಸ ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು “ರೈಟ್” ಅಂದರೆ ಡ್ರೈವರನಿಗಷ್ಟೇ ಅಲ್ಲ, ಮುಂದಿನ ನಿಲ್ದಾಣದವರಿಗೂ ಕೇಳುತ್ತಿತ್ತು ಎಂದು ಕೇರಿಯಲ್ಲಿ ತಮಾಷೆ ಮಾಡುತ್ತಿದ್ದರು. ಆ ದನಿಯ ಒಳ್ಳೆಯ ಪಾಲು ಮಾತ್ರ ಅವನು ಸಂಜೆಗೆಂದು ಉಳಿಸಿಕೊಂಡು ಬರುತ್ತಿದ್ದ. ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕಾಲು ಮಡಚಿ ಕೂತು ಪುರಾಣದ ಪದ್ಯ ಹೇಳುವುದು ಅವನಿಗೆ ಅಪ್ಪನಿಂದ ಬಂದದ್ದು. ದಮಯಂತಿ ಎದುರಿಗೆ ಕೂತು ಅಬ್ಬಲಿ ಹೂವಿನ ದಂಡೆ ಕಟ್ಟುತ್ತ ಕೇಳುತ್ತಿದ್ದಳು. ಮದುವೆಯಾಗಿ ಬಂದ ಮೊದಲ ವಾರದಿಂದ ಕೇಳುತ್ತ ಬಂದವಳು ಅವಳು. ದೇವರ ಬಗ್ಗೆ ಅವಳಿಗೆ ಗೊತ್ತಿದ್ದದ್ದೆಲ್ಲ ಈ ಜಗಲಿಯಲ್ಲಿ ಕಿವಿಯಿಂದಲೇ ಒಳಗೆ ಹೋದದ್ದು.

ಅವಳಿಗೆ ಇಷ್ಟದ ಪದ್ಯ ಒಂದಿತ್ತು. ಕಾಡಿಗೆ ಹೊರಟ ಗಂಡ “ನೀನು ಮರಳಿ ಹೋಗು” ಎಂದಾಗ ಹೆಂಡತಿ ಕೊಡುವ ಉತ್ತರ. ಅದರ ಕೊನೆಯ ಸಾಲು ಬಹಳ ಉದ್ದ. ಎಲ್ಲಿಯೂ ನಿಲ್ಲದೆ ಒಂದೇ ಉಸಿರಿನಲ್ಲಿ ಹೇಳಬೇಕು. ಹಾಗೆ ಹೇಳಿದರೆ ಮಾತ್ರ ಆ ಹೆಂಗಸಿನ ಮಾತು ಗಂಡನಿಗೆ ನಡುವೆ ಬಾಯಿ ಹಾಕಲು ಜಾಗ ಕೊಡದೆ ಹರಿದು ಹೋಗುತ್ತದೆ. ದೇವಿದಾಸ ಅದನ್ನು ಹೇಳುವಾಗ ದಮಯಂತಿಯ ಕೈಯ ದಾರ ತಾನಾಗಿ ನಿಲ್ಲುತ್ತಿತ್ತು.

ಈಚೆಗೆ ಆ ಸಾಲು ನಡುವೆ ಮುರಿಯತೊಡಗಿತ್ತು. ಅರ್ಧಕ್ಕೆ ಬಂದಾಗ ಎದೆಯೊಳಗೆ ಸಿಳ್ಳೆ ಹೊಡೆದಂತೆ ಆಗಿ ದೇವಿದಾಸ ನಿಲ್ಲುತ್ತಿದ್ದ, ಕೆಮ್ಮುತ್ತಿದ್ದ, ಉಳಿದರ್ಧ ಹೇಳುತ್ತಿದ್ದ. ಅಂಕೋಲೆಯ ಡಾಕ್ಟರು ಬಾಯಲ್ಲಿಟ್ಟು ಎಳೆದುಕೊಳ್ಳುವ ಪಂಪು ಕೊಟ್ಟು, “ಧೂಳಿನಿಂದ ದೂರ ಇರಿ” ಎಂದಿದ್ದರು. ಮನೆಯನ್ನು ಎತ್ತಿ ಎಲ್ಲಿಡುವುದು? ದಮಯಂತಿ ತನ್ನದೇ ಒಂದು ಉಪಾಯ ಹೂಡಿದಳು. ಮಧ್ಯಾಹ್ನ ಕ್ವಾರಿಯ ಸೈರನ್ ಕೂಗುತ್ತದೆ, ಮದ್ದು ಸಿಡಿಯುತ್ತದೆ, ಪಾತ್ರೆಗಳು ಒಮ್ಮೆ ಗುಣುಗುಟ್ಟಿ ಸುಮ್ಮನಾಗುತ್ತವೆ. ಅದಾದ ಮೇಲೆ ಧೂಳು ಗುಡ್ಡ ಇಳಿದು ಬರಲು ಸ್ವಲ್ಪ ಹೊತ್ತು ಬೇಕು. ಅಷ್ಟರೊಳಗೆ ಅವಳು ಬಾವಿಯಿಂದ ಕೊಡ ಕೊಡ ನೀರು ಸೇದಿ ಅಂಗಳಕ್ಕೆಲ್ಲ ಹಾಕುತ್ತಿದ್ದಳು. ಹಳೆಯ ನೂಲಿನ ಸೀರೆಗಳನ್ನು ನೆನೆಸಿ ಜಗಲಿಯ ಸುತ್ತ ಇಳಿಬಿಡುತ್ತಿದ್ದಳು. ಒಣಗಿದರೆ ಮತ್ತೆ ನೆನೆಸುತ್ತಿದ್ದಳು. ಆ ಒದ್ದೆ ಸೀರೆಗಳ ನಡುವೆ ಕೂತರೆ ಅವನಿಗೆ ಕೆಮ್ಮು ಕಡಿಮೆ. ಸಾಲು ಮುರಿದರೂ ಪದ್ಯ ಮುಗಿಯುತ್ತಿತ್ತು. ಮುರಿದದ್ದು ತನಗೆ ಗೊತ್ತೇ ಆಗಲಿಲ್ಲ ಎನ್ನುವ ಹಾಗೆ ಅವಳು ದಂಡೆ ಕಟ್ಟುತ್ತಲೇ ಇರುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಸುದ್ದಿ ಬಂತು. ಕ್ವಾರಿಯವರು ಗುಡ್ಡದ ಈಚೆ ಮಗ್ಗುಲನ್ನೂ ಕೇಳುತ್ತಿದ್ದಾರಂತೆ. ಸರಕಾರ ಹೂಂ ಅನ್ನುವ ಮೊದಲು ಸುತ್ತಲಿನ ಗಾಳಿ, ನೀರು, ಸದ್ದು ಎಲ್ಲ ಹೇಗಿದೆ, ಕ್ವಾರಿ ದೊಡ್ಡದಾದರೆ ಹೇಗಾದೀತು ಎಂದು ಅಳೆದು ವರದಿ ಮಾಡಬೇಕಂತೆ. ಆಮೇಲೆ ಊರವರನ್ನು ಕರೆದು ಕೇಳುತ್ತಾರಂತೆ. ಸುದ್ದಿ ತಂದವನು ಉಮೇಶ, ದಮಯಂತಿಯ ತಂಗಿಯ ಮಗ, ಕ್ವಾರಿಯಲ್ಲಿ ಸೂಪರ್‌ವೈಸರ್. ಒಂದು ವಾರದ ಮೇಲೆ ಅಳೆಯುವವಳನ್ನೂ ಅವನೇ ಕರೆದುಕೊಂಡು ಬಂದ. ಹುಡುಗಿಯ ಹೆಸರು ನೀತಾ. ಕಾರವಾರದ ಕೋಡಿಬಾಗದವಳು, ಇಂಥ ವರದಿ ಮಾಡಿಕೊಡುವ ಕಚೇರಿಯಲ್ಲಿ ಕೆಲಸ. ಹಿಂದೆ ಉಮೇಶ ಒಂದು ತಗಡಿನ ಡಬ್ಬದಂಥದ್ದನ್ನು ಹೊತ್ತು ಏದುಸಿರು ಬಿಡುತ್ತ ಬಂದ.

“ಮಾವಶಿ, ಇದು ಗಾಳಿ ಅಳೆಯೂ ಮಿಶನ್ನು. ಒಂದು ಹಗಲು ಒಂದು ರಾತ್ರಿ ನಿನ್ನ ಅಂಗಳ್ದಲ್ಲಿ ಕೂತ್ಕಂಡಿರ್ತದೆ.”

“ಕೂತ್ಕಳ್ಲಿ. ಊಟಕ್ಕೆ ಎಂತ ಹಾಕ್ಬೇಕು ಅದಕ್ಕೆ?”

“ಕರೆಂಟು ಒಂದು ಸಾಕು.”

“ಹಂಗಾರೆ ನಿನ್ನಕಿಂತ ಚಲೋ ಅದೆ,” ಎಂದಳು ದಮಯಂತಿ. ನೀತಾ ನಕ್ಕಳು. ದಮಯಂತಿ ಒಳಗೆ ಹೋಗಿ ಅವಳಿಗೆ ಬೆಲ್ಲ ನೀರು ತಂದಳು.

ನೀತಾ ಮಿಶನ್ನಿನ ಮುಚ್ಚಳ ತೆಗೆದು ಒಳಗೆ ಒಂದು ಬಿಳಿಯ ಕಾಗದ ಇಟ್ಟಳು. “ಇದು ನಮ್ಮ ಹಾಗೇ ಗಾಳಿ ಎಳಕೊಳ್ತದೆ ಮಾವಶಿ. ಗಾಳಿಯಲ್ಲಿರುವ ಧೂಳು ಈ ಕಾಗದದ ಮೇಲೆ ಕೂರ್ತದೆ. ನಾಳೆ ಇದನ್ನ ತೂಗಿದರೆ ಎಷ್ಟು ಧೂಳು ಅಂತ ಗೊತ್ತಾಗ್ತದೆ.”

“ಅಂದ್ರೆ ಇದೂ ಉಸಿರಾಡ್ತದೆ ಅಂದಂಗಾಯ್ತು.”

“ಹೌದು, ಹಾಗೇ.”

ಗುಂಡಿ ಒತ್ತಿದೊಡನೆ ಮಿಶನ್ನು ಒಂದೇ ಸಮನೆ ಗುಂಯ್ ಎನ್ನತೊಡಗಿತು. ಜಗಲಿಯಲ್ಲಿ ಕೂತಿದ್ದ ದೇವಿದಾಸ ಕಿವಿಗೊಟ್ಟು ಕೇಳಿ, “ಏ ತಂಗಿ, ಇದು ಶ್ರುತಿ ಬಿಡ್ತದಲೆ! ನಂಗೆ ಸರೀ ಹೊಂದ್ತದೆ,” ಎಂದ. ಆ ಸಂಜೆ ಅವನು ನಿಜವಾಗಿಯೂ ಮಿಶನ್ನಿನ ಶ್ರುತಿಗೇ ಪದ್ಯ ಹೇಳಿದ.

ದಮಯಂತಿಗೆ ಮಾತ್ರ ಅದನ್ನು ನೋಡಿ ಒಂಥರಾ ಆಗಿತ್ತು. ಉಸಿರಾಡುವಂಥದ್ದು. ಮನೆಗೆ ಬಂದದ್ದು. ಬಿಸಿಲಲ್ಲಿ ಕೂತು ಗುಡ್ಡದ ಧೂಳನ್ನೆಲ್ಲ ಒಳಗೆ ಎಳೆದುಕೊಳ್ಳುತ್ತ ಇದೆ. ಅವಳು ಅವತ್ತು ಅಂಗಳಕ್ಕೆ ಎಂದಿಗಿಂತ ಹೆಚ್ಚು ನೀರು ಹಾಕಿದಳು. ಮಿಶನ್ನಿನ ಸುತ್ತ ನಾಲ್ಕು ಗೂಟ ಊರಿ ಅದಕ್ಕೂ ಒಂದು ಒದ್ದೆ ಸೀರೆ ಕಟ್ಟಿದಳು. ಬೆಳಿಗ್ಗೆ ನೀತಾ ಬರುವ ಮೊದಲು ಗೂಟ ಕಿತ್ತು, ಸೀರೆ ಮಡಚಿ, ಮಿಶನ್ನಿನ ಮೈ ಒರೆಸಿ, ಬಂದವರನ್ನು ಕಳಿಸಿಕೊಡುವ ಹಾಗೆ ಸಿದ್ಧ ಮಾಡಿ ಇಟ್ಟಳು.

ಹೀಗೆ ಅದು ವಾರ ವಾರ ಬಂದುಹೋಯಿತು. ನೀತಾ ಬೆಳಿಗ್ಗೆ ಬಂದು ಇಡುವಳು, ಮರುದಿನ ಬೆಳಿಗ್ಗೆ ಬಂದು ಒಯ್ಯುವಳು. ಬಂದಾಗ ಚಾ ಕುಡಿಯುವಳು. ದಂಡೆ ಉಳಿದಿದ್ದರೆ ದಮಯಂತಿ ಅವಳ ಜಡೆಗೆ ಮುಡಿಸುವಳು. ಒಂದು ಸಲ ಚಾ ಕುಡಿಯುತ್ತ ನೀತಾ, “ನಿಮ್ಮ ಅಂಗಳದ ಗಾಳಿ ಚಲೋ ಅದೆ ಮಾವಶಿ. ಬಸ್ ನಿಲ್ದಾಣದ ಹತ್ತಿರ ಇಟ್ಟದ್ದರಲ್ಲಿ ಧೂಳು ಸಿಕ್ಕಾಪಟ್ಟೆ. ಕ್ವಾರಿಗೆ ಹತ್ತಿರ ನಿಮ್ಮನೇನೇ, ಆದರೆ ಇಲ್ಲೇ ಕಡಿಮೆ. ಎಂತಕ್ಕೆ ಅಂತ ಗೊತ್ತಾಗ್ತಾ ಇಲ್ಲ,” ಎಂದಳು.

ದಮಯಂತಿಗೆ ಹಿಗ್ಗಾಯಿತು. ಮನೆ ಚೊಕ್ಕಟ ಇಟ್ಟುಕೊಂಡದ್ದಕ್ಕೆ ಯಾರೋ ಪರ ಊರಿನವರು ಹೊಗಳಿದಷ್ಟು ಹಿಗ್ಗು. ಉಮೇಶನೂ ಆ ವಾರ ಬಂದು, “ನಿನ್ನ ಅಂಗಳದ ಸುದ್ದಿ ನಮ್ಮ ಆಫೀಸಿನವರೆಗೂ ಬಂದದೆ ಮಾವಶಿ, ಸಾಹೇಬ್ರು ಭಾಳ ಖುಷಿಯಾಗಿದ್ರು,” ಎಂದು ಬಾಳೆಹಣ್ಣಿನ ಚಿಪ್ಪು ಇಟ್ಟು ಹೋದ. ಸಾಹೇಬರಿಗೆ ತನ್ನ ಅಂಗಳದಿಂದ ಯಾಕೆ ಖುಷಿ ಎಂದು ಅವಳು ಕೇಳಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ನೀತಾ ಮಿಶನ್ನು ಇಟ್ಟು ಹೊರಟಾಗ ಅವಳ ಕಚೇರಿಯ ಜೀಪು ಬರಲಿಲ್ಲ. ಕೆಟ್ಟು ನಿಂತಿದೆ, ಸಂಜೆಯಾಗುತ್ತದೆ ಎಂದು ಫೋನು ಬಂತು. “ಕೂತ್ಕ, ಊಟ ಮಾಡು,” ಎಂದಳು ದಮಯಂತಿ. ಬಂಗಡೆ ಸಾರಿನ ಊಟ ಮುಗಿಸಿ ನೀತಾ ಜಗಲಿಯ ಗೋಡೆಗೆ ಒರಗಿ ತೂಕಡಿಸುತ್ತಿದ್ದಾಗ ಸೈರನ್ ಕೂಗಿತು. ಮದ್ದು ಸಿಡಿಯಿತು. ಪಾತ್ರೆಗಳ ಸದ್ದಿಗೆ ಅವಳು ಬೆಚ್ಚಿ ಎದ್ದು ಕೂತಳು. ಎದ್ದವಳು ನೋಡಿದ್ದು ಇದನ್ನು: ದಮಯಂತಿ ಸೀರೆ ಎತ್ತಿ ಕಟ್ಟಿ ಬಾವಿಯಿಂದ ಅಂಗಳಕ್ಕೆ, ಅಂಗಳದಿಂದ ಬಾವಿಗೆ ಓಡಾಡುತ್ತಿದ್ದಾಳೆ. ಜಗಲಿಯ ಸುತ್ತ ಒದ್ದೆ ಸೀರೆಗಳು ಇಳಿದವು. ಕೊನೆಗೆ ನಾಲ್ಕು ಗೂಟ ಬಂದವು, ಮಿಶನ್ನನ್ನೂ ಒಂದು ಸೀರೆ ಸುತ್ತಿತು.

“ಮಾವಶಿ, ಅದಕ್ಕೆ ಎಂತಕ್ಕೆ ಸೀರೆ?”

“ಉಸಿರಾಡ್ತದೆ ಅಂದಿದ್ಯಲೆ ನೀನೇ. ಪಾಪ, ಇಡೀ ದಿನ ಧೂಳು ಎಳಕೊಂಡ್ರೆ ಅದಕ್ಕೂ ಇವ್ರ ಹಂಗೇ ಆಗ್ತದೆ.”

ನೀತಾಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಅವಳ ಮುಖ ಬದಲಾಯಿತು. ಮೆಲ್ಲಗೆ ಮೆಟ್ಟಿಲ ಮೇಲೆ ಕೂತಳು.

“ದಿನಾ ಹೀಗೇನಾ? ನಾ ಮಿಶನ್ನು ಇಟ್ಟಾಗೆಲ್ಲ?”

“ಆವಾಗ ಒಂದು ನಾಕು ಕೊಡ ಹೆಚ್ಚೇ ಹಾಕ್ತೆ.”

“ನೀವು ತೊಳೆದಿಟ್ಟ ಗಾಳೀನ ನಾ ಅಳೀತಾ ಬಂದೆ, ಮಾವಶಿ.”

ದಮಯಂತಿಗೆ ಅರ್ಥವಾಗಲಿಲ್ಲ. ನೀತಾ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದಳು. ಕಾಗದದ ಮೇಲೆ ಕೂತ ಧೂಳೇ ವರದಿಯಾಗುವುದು. ಕ್ವಾರಿಗೆ ಎಲ್ಲರಿಗಿಂತ ಹತ್ತಿರದ ಮನೆಯ ಗಾಳಿಯೇ ಇಷ್ಟು ಒಳ್ಳೆಯದಿದೆ ಎಂದು ವರದಿ ಹೇಳಿದರೆ, ಇನ್ನೂ ಹತ್ತಿರ ಬಂದು ಒಡೆದರೂ ಏನೂ ಆಗದು ಎಂದು ಕ್ವಾರಿಯವರು ವಾದಿಸಬಹುದು. ಆಮೇಲೆ ಸೈರನ್ ಕೂಗುವುದು ಗುಡ್ಡದ ಆಚೆ ಅಲ್ಲ, ಇಲ್ಲಿ, ಈ ಬಾವಿಯ ಹಿಂದೆ.

ದಮಯಂತಿ ತನ್ನ ಎರಡು ಕೈಗಳನ್ನು ಮಡಿಲಲ್ಲಿಟ್ಟು ನೋಡುತ್ತ ಕೂತಳು. ಹಗ್ಗ ಎಳೆದು ಎಳೆದು ಅಂಗೈ ಕೆಂಪಾಗಿತ್ತು.

“ಮೊದ್ಲೇ ಒಂದು ಮಾತು ಹೇಳ್ಬಾರ್ದಿತ್ತಾ ತಂಗಿ?”

“ನಾ ಕೇಳಬೇಕಿತ್ತು. ಬೆಳಿಗ್ಗೆ ಬಂದು ಬೆಳಿಗ್ಗೆ ಹೋಗ್ತಿದ್ದೆ, ಮಧ್ಯಾಹ್ನ ಇಲ್ಲಿ ಎಂತ ಆಗ್ತದೆ ಅಂತ ನೋಡ್ಲೇ ಇಲ್ಲ. ಇಲ್ಲಿವರೆಗಿನದು ಲೆಕ್ಕಕ್ಕೆ ಬರುದಿಲ್ಲ ಅಂತ ಬರೆದು ಕೊಡ್ತೆ. ಮತ್ತೆ ಅಳೀತೆ. ಆದರೆ ಮಿಶನ್ನು ಇಟ್ಟ ದಿನ ನೀವು ನೀರು ಹಾಕಬಾರದು, ಸೀರೆ ಕಟ್ಟಬಾರದು. ಅಂಗಳ ಬಾಕಿ ಮನೆಗಳಲ್ಲಿ ಹೇಗಿದೆಯೋ ಇಲ್ಲೂ ಹಾಗೇ ಇರಬೇಕು.”

“ಮತ್ತೆ ಇವ್ರ ಎದೆ?”

ನೀತಾ ಎದ್ದು ಹೋಗಿ ಗುಂಡಿ ಒತ್ತಿ ಮಿಶನ್ನು ನಿಲ್ಲಿಸಿದಳು.

ಅವತ್ತು ಸಂಜೆ ಪದ್ಯ ಮುಗಿದ ಮೇಲೆ ದಮಯಂತಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ದೇವಿದಾಸ ಕೇಳಿದ. ಅವಳು ಮಾಡಿದ್ದಕ್ಕೆ ಬೈಯಲಿಲ್ಲ. “ಮಿಶನ್ನಿಗೆ ಸೀರೆ ಉಡಿಸಿದ ಹೆಂಗ್ಸು ಈ ತಾಲ್ಲೂಕಿನಲ್ಲಿ ನೀ ಒಬ್ಳೇ,” ಎಂದ.

“ನಗಾಡ್ಬೇಡಿ. ಆ ದಿನ ನೀವು ಕೋಡಿಬಾಗಕ್ಕೆ ಹೋಗಿ ರೂಪಾಲಿ ಮನೇಲಿ ಇದ್ದು ಬನ್ನಿ.” ರೂಪಾಲಿ ಅವರ ಮಗಳು. ಅವಳ ಮನೆ ಕಾಳಿ ನದಿಯ ದಂಡೆಗೇ ಇತ್ತು.

“ಅಲ್ಲಿ ಟೀವಿ ಸದ್ದು. ಪದ್ಯ ಕೇಳುವವರು ಯಾರು?”

“ಒಂದಿನ ಹೊಳೆಗೆ ಹೇಳಿ.”

“ನಿಂಗೆ?”

“ನಾ ಮಿಶನ್ನಿನ ಶ್ರುತಿ ಕೇಳ್ತೆ.”

ಮದುವೆಯಾದ ಮೇಲೆ ಊರಲ್ಲಿದ್ದ ಯಾವ ಸಂಜೆಯೂ ಅವಳು ಎದುರಿಗೆ ಇಲ್ಲದೆ ದೇವಿದಾಸ ಪದ್ಯಕ್ಕೆ ಬಾಯಿ ತೆರೆದದ್ದಿಲ್ಲ. ಆದರೂ, “ಕಂಡಕ್ಟರ್ ಆದವ್ಗೆ ಬಸ್ಸು ಹತ್ತು ಅಂದ್ರೆ ಇಲ್ಲ ಅನ್ನೂಕೆ ಆಗ್ತದಾ?” ಎಂದ.

ಮುಂದಿನ ಸಲ ಮಿಶನ್ನು ಬಂದ ಬೆಳಿಗ್ಗೆ ಅವಳು ಅವನ ಚೀಲದಲ್ಲಿ ಪಂಪು, ಪಂಚೆ, ಮೊಮ್ಮಗಳಿಗೆ ಚಕ್ಕುಲಿ ಇಟ್ಟು ಬಸ್ಸಿಗೆ ಕಳಿಸಿದಳು. ಮಧ್ಯಾಹ್ನ ಸೈರನ್ ಕೂಗಿತು. ಅವಳ ಕಾಲುಗಳು ತಾವಾಗಿ ಬಾವಿಯ ಕಡೆ ಎರಡು ಹೆಜ್ಜೆ ಇಟ್ಟವು. ತಿರುಗಿ ಬಂದು ಜಗಲಿಯಲ್ಲಿ ಕೂತಳು. ಮದ್ದು ಸಿಡಿಯಿತು. ಸ್ವಲ್ಪ ಹೊತ್ತಿಗೆ ಗುಡ್ಡದ ನೆತ್ತಿಯ ಮೇಲೆ ಮಂಜಿನಂಥದ್ದು ಎದ್ದು, ಗೇರು ಮರಗಳ ಮೇಲಿಂದ ಹಾಯ್ದು, ಏನೂ ಅವಸರವಿಲ್ಲದೆ ಅಂಗಳಕ್ಕೆ ಇಳಿಯಿತು. ಇಷ್ಟು ವರ್ಷ ಅವಳು ಅದನ್ನು ಕೂತು ನೋಡಿದ್ದೇ ಇಲ್ಲ. ಅದು ಇಳಿಯುವ ಹೊತ್ತಿಗೆಲ್ಲ ಕೊಡ ಹಿಡಿದು ಬಗ್ಗಿರುತ್ತಿದ್ದಳು. ಬೆಳಿಗ್ಗೆ ಸಾರಿಸಿದ ನೆಲ ಬೆಳ್ಳಗಾಯಿತು, ಬೆಳಿಗ್ಗೆ ಒರೆಸಿದ ತುಳಸಿ ಬೆಳ್ಳಗಾಯಿತು. “ತಾಯಿ, ಇವತ್ತೊಂದಿನ ತಡಕ,” ಎಂದು ತುಳಸಿಗೆ ಕೈಮುಗಿದಳು.

ಸಂಜೆ ದೀಪ ಹಚ್ಚಿ ಕೂತಿದ್ದಾಗ ಫೋನು ಬಂತು. ಮೊದಲು ರೂಪಾಲಿ. “ಆಯಿ, ಅಪ್ಪ ಹೊಳೆದಂಡೆಗೆ ಬಂದು ಕೂತಾರೆ. ಒಳಗೆ ಬನ್ನಿ ಅಂದ್ರೆ ಕೇಳುದಿಲ್ಲ, ಆಯಿಗೆ ಫೋನು ಹಚ್ಚು ಅಂತ ಒಂದೇ ಹಟ. ತಕ, ಮಾತಾಡು.” ಆಮೇಲೆ ಗಾಳಿಯ ಸದ್ದು, ಎಲ್ಲೋ ದೋಣಿಯ ಎಂಜಿನ್ನಿನ ಟುಕುಟುಕು. ಆಮೇಲೆ ಅವನ ದನಿ.

“ಕೇಳ್ತಾ ಇದ್ಯಾ?”

“ಹೂಂ.”

“ದಂಡೆ ಕಟ್ತಾ ಇದ್ಯಾ?”

“ಕಟ್ತಾ ಇದ್ದೆ.” ಅಬ್ಬಲಿಯ ಮೇಲೂ ಧೂಳು ಕೂತಿದ್ದರಿಂದ ಅವಳು ಅವತ್ತು ಹೂವು ಕೊಯ್ದಿರಲೇ ಇಲ್ಲ.

ಅವನು ಅದೇ ಪದ್ಯ ಎತ್ತಿದ. ಗಂಡ ಮರಳಿ ಹೋಗು ಎನ್ನುತ್ತಾನೆ. ಕಾಡಿನ ಮುಳ್ಳು ಹೇಳುತ್ತಾನೆ, ಹುಲಿ ಹೇಳುತ್ತಾನೆ. ಹೆಂಡತಿ ಬಾಯಿ ತೆರೆಯುತ್ತಾಳೆ. ದಮಯಂತಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಆ ಸಾಲು ಶುರುವಾಯಿತು. ಅದು ಮುರಿಯುವ ಜಾಗ ಅವಳಿಗೆ ಗೊತ್ತಿತ್ತು. ಆ ಜಾಗ ಬಂತು. ಮುರಿಯಲಿಲ್ಲ. ದನಿ ಅದನ್ನು ದಾಟಿತು, ದಾಟಿ ಮುಂದೆ ಹೋಯಿತು, ಕೊಂಚ ತೆಳುವಾಯಿತು, ಆದರೂ ಹೋಯಿತು, ಸಾಲಿನ ಕೊನೆಯ ಅಕ್ಷರದ ಮೇಲೆ ಹೋಗಿ ನಿಂತಿತು.

ಅಂಗಳದಲ್ಲಿ ಮಿಶನ್ನು ಗುಂಯ್ ಎನ್ನುತ್ತ ಉಸಿರು ಎಳೆಯುತ್ತಿತ್ತು.

“ಕೇಳ್ತಾ?” ಎಂದ ಅವನು ಕೊನೆಗೆ.

“ಕೇಳ್ತು,” ಎಂದಳು.

ಬೆಳಿಗ್ಗೆ ನೀತಾ ಮುಚ್ಚಳ ತೆಗೆದಾಗ ಕಾಗದ ಬೂದಿ ಬಳಿದ ಹಾಗಾಗಿತ್ತು. ಹಿಂದಿನ ಕಾಗದಗಳನ್ನೆಲ್ಲ ದಮಯಂತಿ ನೋಡಿದ್ದಳು, ಅಗಸನ ಮನೆಯಿಂದ ಬಂದ ಬಟ್ಟೆಯಂತೆ ಇರುತ್ತಿದ್ದವು. ಅವಳು ಕಾಗದವನ್ನು ಮುಟ್ಟಲು ಹೋಗಿ ಕೈ ಹಿಂದೆಗೆದಳು. ಇದು ಇವರ ಎದೆಯೊಳಗೆ ಕೂತದ್ದು ಎಂದುಕೊಂಡಳು. ನೀತಾ ಅದನ್ನು ಮಡಚಿ ಪಾಕೀಟಿಗೆ ಹಾಕಿದಳು.

ದೇವಿದಾಸ ಮರಳಿ ಬಂದ. ನೀರು, ಸೀರೆ ಎಲ್ಲ ಮೊದಲಿನಂತೆ ನಡೆಯಿತು. ಎರಡು ಸಂಜೆ ಸಾಲು ಹೇಗೋ ದಡ ಮುಟ್ಟಿತು. ಮೂರನೆಯ ಸಂಜೆ ಹಳೆಯ ಜಾಗದಲ್ಲೇ ಮುರಿಯಿತು. ಈ ಸಲ ದಮಯಂತಿಗೆ ದಂಡೆ ಕಟ್ಟುತ್ತ ಇರಲು ಆಗಲಿಲ್ಲ. ಎದ್ದು ಹೋಗಿ ಅವನ ಬೆನ್ನು ನೀವಿದಳು.

ಮಿಶನ್ನು ಮತ್ತೆ ಬರುವ ಹಿಂದಿನ ದಿನ, ಹೊತ್ತು ಮುಳುಗುವಾಗ ಉಮೇಶ ಬಂದ. ಕ್ವಾರಿಯಿಂದ ನೇರ ಬಂದಿದ್ದ. ತಲೆ, ಹುಬ್ಬು ಎಲ್ಲ ಬಿಳಿ. ಚಾ ಕುಡಿದ. ದೇವಿದಾಸನ ಆರೋಗ್ಯ ಕೇಳಿದ. ಲೋಟ ಕೆಳಗಿಟ್ಟು, ಎತ್ತಿ, ಮತ್ತೆ ಇಟ್ಟ.

“ಎಂತ ಹೇಳೂಕೆ ಬಂದೆ, ಹೇಳ,” ಎಂದಳು ದಮಯಂತಿ.

“ಹೋದ ಸಲದ ಕಾಗದ ಕಪ್ಪಗಾಯ್ತಂತೆ ಮಾವಶಿ. ಸಾಹೇಬ್ರು ನನ್ನ ಕರ್ದು ಕೇಳಿದ್ರು, ಆ ಮನೆ ನಿನ್ನ ಸಂಬಂಧ್ದವ್ರದಲ್ವಾ ಅಂತ. ಬೇಕಾದ್ರೆ ದಿನಾ ಒಂದು ಟ್ಯಾಂಕರ್ ನೀರು ಕಳಿಸ್ತೇವೆ ಅಂದ್ರು. ನೀ ಬಾವಿ ಸೇದುದೂ ಬೇಡ.”

“ಇಷ್ಟು ವರ್ಷ ಎಲ್ಲಿತ್ತು ಆ ಟ್ಯಾಂಕರು?” ಜಗಲಿಯ ಒಳಗಿನಿಂದ ದೇವಿದಾಸ ಕೇಳಿದ.

ಉಮೇಶ ತಲೆ ತಗ್ಗಿಸಿದ. “ಟ್ಯಾಂಕರ್ ಬೇಡ ಅಂದ್ರೆ ಬೇಡ. ಮಾವಶಿ, ನಾ ಕೇಳುದು ಇಷ್ಟೇ. ನೀ ದಿನಾ ಮಾಡುದನ್ನೇ ನಾಳೆನೂ ಮಾಡು. ನಿನ್ನ ಬಾವಿ, ನಿನ್ನ ಕೊಡ, ನಿನ್ನ ಅಂಗಳ. ಆ ಹುಡುಗಿಗೂ ಬೇಡ ಅನ್ನೂ ಹಕ್ಕಿಲ್ಲ. ಅದ್ರಲ್ಲಿ ಸುಳ್ಳು ಎಂತದೂ ಇಲ್ಲಲೆ? ಕ್ವಾರಿ ಈಚೆ ಬಂದ್ರೆ ನನ್ನ ಕೆಲ್ಸ ಉಳೀತದೆ. ಆಚೆ ಕಡೆ ಕಲ್ಲು ಮುಗೀತಾ ಬಂತು. ಹೆಂಡ್ತಿಗೆ ಇದು ಎಂಟನೇ ತಿಂಗಳು.”

ದಮಯಂತಿ ಅವನನ್ನೇ ನೋಡಿದಳು. ತಂಗಿ ಹಾಸಿಗೆ ಹಿಡಿದಿದ್ದಾಗ ಈ ಹುಡುಗನಿಗೆ ಗಂಜಿ ಉಣ್ಣಿಸಿದವಳು ಅವಳೇ. ಸೆರಗಿನ ತುದಿಯನ್ನು ಕೊಡದ ನೀರಲ್ಲಿ ಅದ್ದಿ ಅವನ ಹತ್ತಿರ ಹೋದಳು. ಒಂದು ಹುಬ್ಬು ಒರೆಸಿದಳು. ಇನ್ನೊಂದು ಹುಬ್ಬು ಒರೆಸಿದಳು. ರೆಪ್ಪೆಯ ಮೇಲಿನದನ್ನು ಬೆರಳಿನಿಂದ ತೆಗೆದಳು. ಉಮೇಶ ಸಣ್ಣವನಿದ್ದಾಗಿನ ಹಾಗೆ ಕಣ್ಣು ಮುಚ್ಚಿ ಮುಖ ಒಡ್ಡಿ ಕೂತ. ಹುಬ್ಬು ಕಪ್ಪಾಗಿ ಹೊರಬಂತು.

“ಹೆಂಡ್ತಿ ಬಾಣಂತನಕ್ಕೆ ಇಲ್ಲೇ ಬರ್ಲಿ. ನಾ ಮಾಡ್ತೆ,” ಎಂದಳು. “ನಿಂಗೆ ಕೆಲ್ಸ ಹೋದ್ರೆ ಉಣ್ಣೂಕೂ ಇಲ್ಲೇ ಬಾ.”

“ಮತ್ತೆ ನಾಳೆ?”

“ನಾಳೆ ಇವ್ರು ಬಸ್ಸಿಗೆ ಹೋಗ್ತ್ರು.”

“ಅದಲ್ಲ ಮಾವಶಿ. ನೀರು.”

“ಹಾಕುದಿಲ್ಲ.”